ಜಪಾನಿನವರಿಗೆ ಫ್ಲ್ಯಾಟ್ ಬಾಡಿಗೆ: ಬಾತ್‌ಟಬ್ ಬೇಕೇ ಬೇಕಾ?

ಬಿಡದಿಯ ಟೊಯೋಟಾಗೆ ಬರುವ ಜಪಾನಿನವರಿಗೆ ಫ್ಲ್ಯಾಟ್ ಕೊಡಲು ಬಾತ್‌ಟಬ್ ಹಾಕಿಸಲೇಬೇಕಾ ಅಂತ ಕೇಳಿದ್ದೀರಿ. ಇದ್ದರೆ ಅವರಿಗೆ ಖುಷಿ. ರಾತ್ರಿ ಬಿಸಿನೀರಲ್ಲಿ ಮುಳುಗಿ ಕೂರುವುದು ಅವರ ಅಭ್ಯಾಸ ಅಲ್ವಾ. ಆದರೆ ಕರಾರಿಗೆ ಮೊದಲೇ ಸುಮ್ನೆ ದುಡ್ಡು ಸುರಿಯಬೇಡಿ. ದೊಡ್ಡ ಗೀಸರ್, ಪವರ್ ಬ್ಯಾಕಪ್ ಮೊದಲು ನೋಡಿ.

ಕರಾರು ಕಂಪನಿ ಹೆಸರಲ್ಲೋ, ವ್ಯಕ್ತಿಯ ಹೆಸರಲ್ಲೋ ಕೇಳಿ. ಕಂಪನಿಯಾದರೆ ಬಾಡಿಗೆಯಲ್ಲಿ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಬಾಡಿಗೆ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಬಾಡಿಗೆಗೆ ಬರುವ ಜಪಾನಿನವರಿಗೆ ಯಾವಾಗ ಬೇಕಾದರೂ ವಾಪಸ್ ವರ್ಗ ಆಗಬಹುದು, ಹಾಗಾಗಿ ಲಾಕ್-ಇನ್ ಅವಧಿ (ಇಷ್ಟು ತಿಂಗಳು ಮಧ್ಯದಲ್ಲಿ ಬಿಡುವಂತಿಲ್ಲ ಅನ್ನುವ ಷರತ್ತು) ಬರೆಸಿಕೊಳ್ಳಿ. ಟೋಕಿಯೋದಲ್ಲಿ ಅಡ್ವಾನ್ಸ್ ಒಂದೆರಡು ತಿಂಗಳದ್ದಷ್ಟೇ, ನಮ್ಮ ಹತ್ತು ತಿಂಗಳ ಲೆಕ್ಕ ಕೇಳಿದರೆ ಬೆಚ್ಚಿಬೀಳುತ್ತಾರೆ!

ಮುಖ್ಯವಾದದ್ದು, ಅವರು ಬಂದ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿ) ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಅದು ಮಾಲೀಕರ ಹೊಣೆ, ಬ್ರೋಕರ್‌ದಲ್ಲ.