ಸಂಪಾದಕರ ಉತ್ತರ: ಸವೆದು ಹೋದ ಬೆಟ್ಟಕ್ಕೆ ಸಾಕ್ಷಿ ಎಲ್ಲಿದೆ?

ಕಳೆದ ಸಂಚಿಕೆಯ ಮಹಾಖಂಡಗಳ ಲೇಖನ ಓದಿ ಶಿರಸಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. “ಸಮುದ್ರದ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಹೆಚ್ಚುಕಡಿಮೆ ಸಿಗುವುದೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಬೆಟ್ಟಗಳೂ ಸವೆದು ಹೋಗುತ್ತವೆ. ಹಾಗಿದ್ದ ಮೇಲೆ 55 ಕೋಟಿ, 100 ಕೋಟಿ ವರ್ಷದ ಹಿಂದಿನ ಖಂಡಗಳ ನಕ್ಷೆ ಬರೀ ಊಹೆ ಅಲ್ವಾ? ನಮ್ಮ ಸಹ್ಯಾದ್ರಿಯೂ ಆ ಕಾಲದ ಬೆಟ್ಟವೇ? ಕಣ್ಣಾರೆ ನೋಡಬಹುದಾದ ಸಾಕ್ಷಿ ಏನಾದರೂ ಇದೆಯಾ?”

ನಮಸ್ಕಾರ. ಬಹಳ ಒಳ್ಳೆಯ ತಕರಾರು. ಶಾಲೆಯ ಪುಸ್ತಕದಲ್ಲಿ ಎಲ್ಲ ಖಂಡಗಳೂ ಒಂದಾಗಿ ಕೂಡಿದ್ದ ಮಹಾಖಂಡ ಪ್ಯಾಂಜಿಯಾ ಅಂತ ಒಂದು ಚಿತ್ರ ತೋರಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಅದು ಹೇಗೆ ಗೊತ್ತಾಯಿತು ಅಂತ ಯಾರೂ ಹೇಳುವುದಿಲ್ಲ.

ಬೆಟ್ಟ ಸವೆಯುತ್ತದೆ, ನಿಜ. ಆದರೆ ಎರಡು ಖಂಡ ಡಿಕ್ಕಿ ಹೊಡೆದಾಗ ಮೇಲೆ ಏಳುವುದಕ್ಕಿಂತ ಕೆಳಗೆ ಇಳಿಯುವುದೇ ಜಾಸ್ತಿ. ಸಾಮಾನ್ಯವಾಗಿ 35–40 ಕಿ.ಮೀ. ದಪ್ಪ ಇರುವ ಭೂಮಿಯ ಹೊರಪದರ ಟಿಬೆಟ್ಟಿನ ಕೆಳಗೆ ಸುಮಾರು 70 ಕಿ.ಮೀ. ಇದೆ. ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಕೂತಿದ್ದ ಕೆಸರು, ಮರಳು, ಸುಣ್ಣಕಲ್ಲು ಎಲ್ಲ ಆ ಆಳಕ್ಕೆ ಹೋಗಿ, ಬಹುಪಾಲು ಕರಗದೆ ಗಟ್ಟಿಯಾಗಿಯೇ ಇದ್ದುಕೊಂಡು ಬೇರೆ ಕಲ್ಲಾಗುತ್ತವೆ. ಅದೇ ರೂಪಾಂತರ ಶಿಲೆ. ಮುಂದೆ ಮಳೆ, ನದಿ, ಹಿಮ ಸೇರಿ ತುದಿಯನ್ನು ತಿನ್ನುತ್ತಾ ಹೋದ ಹಾಗೆ, ಸರಕು ಇಳಿಸಿದ ದೋಣಿ ಮೇಲೆ ಏಳುವಂತೆ ಬುಡ ನಿಧಾನಕ್ಕೆ ಮೇಲೇಳುತ್ತದೆ. ಕೊನೆಗೆ 25 ಕಿ.ಮೀ. ಆಳದಲ್ಲಿದ್ದ ಕಲ್ಲು ನಮ್ಮ ಕಾಲ ಕೆಳಗೇ ಬಂದಿರುತ್ತದೆ. ಅಲ್ಲಿ ಬೆಟ್ಟ ಇಲ್ಲದಿರಬಹುದು, ಬರೀ ತೆಂಗಿನ ತೋಟ ಇರಬಹುದು.

ಅಷ್ಟು ಆಳಕ್ಕೆ ಹೋಗಿತ್ತು ಅಂತ ಹೇಗೆ ಹೇಳುತ್ತಾರೆ? ಕಲ್ಲಿನೊಳಗಿನ ಖನಿಜ ನೋಡಿ. ಕಯನೈಟ್, ಆಂಡಲುಸೈಟ್, ಸಿಲಿಮನೈಟ್ ಮೂರರಲ್ಲೂ ಇರುವುದು ಅದೇ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೇ ಪ್ರಮಾಣದಲ್ಲಿ. ಒತ್ತಡ ಜಾಸ್ತಿಯಾದರೆ ಕಯನೈಟ್, ಕಾವು ಜಾಸ್ತಿಯಾದರೆ ಸಿಲಿಮನೈಟ್, ಒತ್ತಡ ಕಡಿಮೆ ಇದ್ದರೆ ಆಂಡಲುಸೈಟ್. ಯಾವುದು ಎಷ್ಟು ಕಾವು, ಒತ್ತಡದಲ್ಲಿ ಹುಟ್ಟುತ್ತದೆ ಅಂತ ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದಾರೆ. ಜಾರ್ಜ್ ಬ್ಯಾರೋ ಅನ್ನುವ ಭೂವಿಜ್ಞಾನಿ 1893ರಲ್ಲೇ ಸ್ಕಾಟ್ಲೆಂಡಿನಲ್ಲಿ ನಡೆದಾಡಿ, ಎಲ್ಲಿ ಕಯನೈಟ್ ಶುರು, ಎಲ್ಲಿ ಸಿಲಿಮನೈಟ್ ಶುರು ಅಂತ ನಕ್ಷೆ ಮಾಡಿದ್ದರು. ಕರ್ನಾಟಕದ ಹೊಳೆನರಸೀಪುರದ ಕಡೆಯೂ ಕಯನೈಟ್ ಇದೆ.

ಆಳ ಗೊತ್ತಾಯಿತು, ಕಾಲ? ಅದಕ್ಕೆ ಜಿರ್ಕಾನ್ ಬೇಕು. ಈ ಸಣ್ಣ ಹರಳು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ದೂರವೇ ಇಡುತ್ತದೆ. ಯುರೇನಿಯಂ-238 ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಒಳಗೆ ಎಷ್ಟು ಸೀಸ ಕೂಡಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಇನ್ನೂ ಚಂದದ ಸಂಗತಿ ಏನಂದರೆ, ಕಲ್ಲು ಮತ್ತೆ ಕಾದಾಗ ಹಳೆಯ ಜಿರ್ಕಾನಿನ ಸುತ್ತ ಹೊಸ ಪದರ ಬೆಳೆಯುತ್ತದೆ. ಒಂದೇ ಹರಳಿನಲ್ಲಿ ಎರಡು ಕಾಲ!

ಈಗ ದಕ್ಷಿಣ ಕೇರಳಕ್ಕೆ ಬನ್ನಿ. ತಿರುವನಂತಪುರದ ಸುತ್ತಮುತ್ತ ಗಾರ್ನೆಟ್ ಅನ್ನುವ ಕೆಂಪು ಹರಳು, ಸಿಲಿಮನೈಟ್, ಗ್ರಾಫೈಟ್ ತುಂಬಿದ ಕಲ್ಲಿದೆ. ಮೂಲತಃ ಅದು ನೀರಿನ ತಳದ ಕೆಸರು. ಅದು 20 ಕಿ.ಮೀ.ಗೂ ಆಳಕ್ಕೆ ಇಳಿದು 800 ಡಿಗ್ರಿ ದಾಟಿ ಬೆಂದಿದೆ. ಅಲ್ಲಿನ ಜಿರ್ಕಾನಿನ ತಿರುಳು 100 ಕೋಟಿ ವರ್ಷಕ್ಕಿಂತ ಎಷ್ಟೋ ಹಳೆಯದು, ಅಂಚಿನ ಪದರ ಮಾತ್ರ 55 ಕೋಟಿ ವರ್ಷದ ಆಸುಪಾಸಿನದು. ಇಂಥದೇ ಕಲ್ಲು, ಇದೇ ಕಾಲದ ಕಾವು ದಕ್ಷಿಣ ಮಡಗಾಸ್ಕರ್‌ನಲ್ಲಿ, ಶ್ರೀಲಂಕಾದ ನಡುಬೆಟ್ಟಗಳಲ್ಲಿ, ಅಂಟಾರ್ಕ್ಟಿಕಾದಲ್ಲಿ ಜಪಾನಿನ ಸ್ಯೋವಾ ನೆಲೆ ಇರುವ ಲುಟ್ಜೋವ್-ಹೋಲ್ಮ್ ಕೊಲ್ಲಿಯ ಸುತ್ತ ಸಿಗುತ್ತದೆ. ಈ ಕಲ್ಲಿನ ಪಟ್ಟೆಯನ್ನು ಆಫ್ರಿಕಾದ ಕಡೆ ಹಿಂಬಾಲಿಸಿದರೆ ಮೊಜಾಂಬಿಕ್, ತಾಂಜಾನಿಯಾ, ಕೀನ್ಯಾ ದಾಟಿ ಅರೇಬಿಯಾದವರೆಗೂ ಹೋಗುತ್ತದೆ. ಗೊಂಡ್ವಾನ ಎಂಬ ಮಹಾಖಂಡ ಕೂಡಿಕೊಂಡ ಹೊಲಿಗೆ ಇದೇ.

ಸಾಗರದ ತಳ ಉಳಿಯುವುದಿಲ್ಲ ಅಂದಿರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ನಡುವಿನ ಸಾಗರ ಮುಚ್ಚಿಕೊಳ್ಳುವಾಗ ಅದರ ತಳದ ಕೆಲವು ಚೂರುಗಳು ಕೆಳಗೆ ಮುಳುಗದೆ ನೆಲದ ಮೇಲೆ ಸಿಕ್ಕಿಹಾಕಿಕೊಂಡವು. ಈಜಿಪ್ಟ್, ಸುಡಾನ್, ಸೌದಿ ಅರೇಬಿಯಾದ ಮರುಭೂಮಿಗಳಲ್ಲಿ ಅವು ಇವತ್ತಿಗೂ ಇವೆ. ಇದನ್ನೆಲ್ಲ ನೋಡಿದ ಮೇಲೂ ಊಹೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಎಲ್ಲ ನಕ್ಷೆಗಳಿಗೂ ಒಂದೇ ತೂಕ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೊಂಡ್ವಾನ ಗಟ್ಟಿ. ಅದಕ್ಕೂ ಹಿಂದಿನ ಮಹಾಖಂಡ ರೊಡೀನಿಯಾ ಅಷ್ಟು ಗಟ್ಟಿಯಲ್ಲ. ಕೆನಡಾದ ಲಾಬ್ರಡಾರ್‌ನಿಂದ ಟೆಕ್ಸಾಸ್‌ವರೆಗೆ ಗ್ರೆನ್ವಿಲ್ ಅನ್ನುವ ಬೆಟ್ಟಸಾಲಿನ ಬುಡ ಇದೆ, ವಯಸ್ಸು ಸುಮಾರು 100–110 ಕೋಟಿ ವರ್ಷ. ನಮ್ಮ ಒಡಿಶಾ–ಆಂಧ್ರದ ಪೂರ್ವಘಟ್ಟದ ಕಲ್ಲು 90–100 ಕೋಟಿ ವರ್ಷದ ಹಿಂದೆ ಅಂಟಾರ್ಕ್ಟಿಕಾದ ರೇನರ್ ಪ್ರದೇಶದ ಜೊತೆಗೇ ಬೆಂದದ್ದು. ಇವೆರಡೂ ಒಂದೇ ಮಹಾಖಂಡದ ಭಾಗ ಅಂತ ತುಂಬಾ ನಕ್ಷೆಗಳಲ್ಲಿ ಬರೆಯುತ್ತಾರೆ. ಆದರೆ ವಯಸ್ಸು ಹತ್ತಿರ ಇದೆ ಅಂದ ಮಾತ್ರಕ್ಕೆ ಒಂದೇ ಬೆಟ್ಟ ಆಗುವುದಿಲ್ಲವಲ್ಲ. ಹಿಮಾಲಯ, ಆಂಡಿಸ್ ಎರಡೂ ಈಗ ಒಟ್ಟಿಗೇ ಬೆಳೆಯುತ್ತಿವೆ, ನಡುವೆ ಸಾಗರವೇ ಇದೆ. ಅದಕ್ಕೇ ಕಲ್ಲಿನೊಳಗೆ ಉಳಿದ ಕಾಂತೀಯತೆಯನ್ನೂ ಅಳೆಯುತ್ತಾರೆ, ಅದರಿಂದ ಆಗಿನ ಅಕ್ಷಾಂಶ ತಿಳಿಯುತ್ತದೆ. ರಾಜಸ್ಥಾನದ ಮಲಾನಿ ಶಿಲೆಗಳಲ್ಲಿ ಹಾಗೆ ಅಳೆದ ಮೇಲೆ ರೊಡೀನಿಯಾದಲ್ಲಿ ಭಾರತ ಇತ್ತೇ, ಇದ್ದರೆ ಎಲ್ಲಿ ಅನ್ನುವ ಜಗಳ ಇನ್ನೂ ಜೋರಾಯಿತು. ಲೇಖನದ ಜೊತೆಗಿದ್ದ ನಕ್ಷೆಯಲ್ಲಿ ಭಾರತದ ಗಡಿಗೆ ಚುಕ್ಕಿಗೆರೆ ಹಾಕಿದ್ದು ಇದಕ್ಕೇ.

ಇನ್ನು ಸಹ್ಯಾದ್ರಿ. ಅಲ್ಲ, ಅದು ಆ ಡಿಕ್ಕಿಯ ಬೆಟ್ಟವಲ್ಲ. ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ. ಕರ್ನಾಟಕದ ಘಟ್ಟದ ಕಲ್ಲು ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯದು. ಆದರೆ ಘಟ್ಟ ಅನ್ನುವ ಈ ಎತ್ತರದ ಅಂಚು ಮೂಡಿದ್ದು ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಮೇಲೆ, ಅಂದರೆ 9 ಕೋಟಿ ವರ್ಷದಿಂದ ಈಚೆಗೆ. ಹಾಗೆ ಬೇರೆಯಾಗುವಾಗ ಹೊಮ್ಮಿದ ಲಾವಾವೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು. ಈಶಾನ್ಯ ಮಡಗಾಸ್ಕರ್‌ನ ಅಂತೋಂಗಿಲ್ ಕೊಲ್ಲಿಯ ಕಡೆ ಕರ್ನಾಟಕದ ಈ ಹಳೆಯ ಧಾರವಾಡ ಶಿಲೆಗಳ ವಯಸ್ಸಿನದೇ, ಅದೇ ಜಾತಿಯ ನೈಸ್ ಬಂಡೆಗಳಿವೆ (ನೈಸ್ ಅಂದರೆ ಪಟ್ಟೆಪಟ್ಟೆಯ ರೂಪಾಂತರ ಶಿಲೆ). ನಮ್ಮಿಂದ ಹೋದ ತುಂಡು ಅದು. ಅದಕ್ಕೂ ಎಷ್ಟೋ ಮೊದಲಿನ 55 ಕೋಟಿ ವರ್ಷದ ಆ ಡಿಕ್ಕಿ ಬಹುಮಟ್ಟಿಗೆ ಪಾಲಕ್ಕಾಡ್–ಕಾವೇರಿ ರೇಖೆಯಿಂದ ದಕ್ಷಿಣಕ್ಕೆ ನಡೆದದ್ದು.

ಕಣ್ಣಾರೆ ನೋಡಬೇಕು ಅಂದಿರಿ. ಮೊದಲು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಹೋಗಿ. ಬಿಳಿಪಟ್ಟೆಯ ನೈಸ್ ಬಂಡೆಯ ನಡುನಡುವೆ ಕಪ್ಪುಹಸಿರು ಮಚ್ಚೆಗಳಂತೆ ಚಾರ್ನೊಕೈಟ್ ಅನ್ನುವ, ಆಳದ ಕಾವಿನಲ್ಲಿ ಹುಟ್ಟುವ ಕಲ್ಲು ಕಾಣುತ್ತದೆ. ಒಂದು ಕಲ್ಲು ಇನ್ನೊಂದಾಗುತ್ತಿದ್ದದ್ದು ಅರ್ಧದಲ್ಲೇ ನಿಂತ ಜಾಗ ಅದು, ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಅದನ್ನು ಜಗತ್ತಿಗೆ ತೋರಿಸಿಕೊಟ್ಟರು. ಆದರೆ ಆ ಕಥೆ ಸುಮಾರು 250 ಕೋಟಿ ವರ್ಷ ಹಳೆಯದು. ಗೊಂಡ್ವಾನದ್ದೇ ಬೇಕಾದರೆ ಕನ್ಯಾಕುಮಾರಿಗೆ ಹೋದಾಗ ದಡದಲ್ಲಿ ಸ್ವಲ್ಪ ಕೂತು ಮರಳನ್ನು ಅಂಗೈಗೆ ಹಾಕಿಕೊಳ್ಳಿ. ಕೆಂಪು ಕಣ ಗಾರ್ನೆಟ್, ಕಪ್ಪು ಕಣ ಹೆಚ್ಚಾಗಿ ಇಲ್ಮನೈಟ್ ಅನ್ನುವ ಕಬ್ಬಿಣ-ಟೈಟಾನಿಯಂ ಖನಿಜ. ಹತ್ತಿರದ ನೆಲದ ಆ ಹಳೆಯ ಬುಡ ಸವೆದು ಬಂದ ಮರಳು ಅದು. ಒಂದು ಭೂತಗನ್ನಡಿ ಜೊತೆಗಿರಲಿ, ಬಣ್ಣ ಚೆನ್ನಾಗಿ ಕಾಣುತ್ತದೆ.