ಮಲೆನಾಡಿನಲ್ಲಿ ಕೋಳಿ ಸಾಕಣೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕಾಫಿ ತೋಟದ ಅಂಚಿನಲ್ಲಿ ಖಾಲಿ ಜಾಗವಿದೆ. 200 ಕೋಳಿಯಿಂದ ಶುರು ಮಾಡಬೇಕೆಂದಿದ್ದೇವೆ. ಬ್ರಾಯ್ಲರ್ ಒಳ್ಳೆಯದೋ, ಗಿರಿರಾಜವೋ? ಜೂನ್‌ನಲ್ಲಿ ಮರಿ ತರಬಹುದೇ? – ಮೂಡಿಗೆರೆ

ಉತ್ತರ: ಜೂನ್ ಬೇಡವೇ ಬೇಡ. ಆರಿದ್ರಾ, ಪುನರ್ವಸು ಮಳೆಯಲ್ಲಿ ಮರಿಗೆ ಕಾವು ಕೊಡುವುದು ಅನುಭವಸ್ಥರಿಗೇ ಕಷ್ಟ. ಕಷ್ಟಪಟ್ಟು ಬೆಳೆಸಿದರೂ ಮಾರುವ ಹೊತ್ತಿಗೆ ಶ್ರಾವಣ ಬಂದಿರುತ್ತದೆ, ಮಾಂಸ ಕೇಳುವವರಿರುವುದಿಲ್ಲ. ಮೊದಲ ಬ್ಯಾಚನ್ನು ಹೊಸತೊಡಕಿಗೆ ಲೆಕ್ಕ ಹಾಕಿ. ಗಿರಿರಾಜ ಮರಿ ಬೆಳೆಯಲು ಬೇಕಾದ ಹನ್ನೆರಡು ವಾರವನ್ನು ಯುಗಾದಿಯಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಕೊನೆ ಇಲ್ಲವೇ ಜನವರಿ. ರಾತ್ರಿ ಚಳಿ ಇರುತ್ತದೆ, ಆದರೆ ಒಣ ಚಳಿ. ಅದನ್ನು ಬಲ್ಬಿನಿಂದ ನಿಭಾಯಿಸಬಹುದು.

200ರ ಲೆಕ್ಕಕ್ಕೆ ಬ್ರಾಯ್ಲರ್ ಹೊಂದುವುದಿಲ್ಲ. 40–42 ದಿನಕ್ಕೆ ಎಲ್ಲವೂ ಒಟ್ಟಿಗೆ ಎರಡು ಕಿಲೋ ಮುಟ್ಟುತ್ತವೆ. ಇಷ್ಟೇ ಕೋಳಿಗಾಗಿ ವ್ಯಾಪಾರಿ ಗಾಡಿ ಕಳಿಸುವುದಿಲ್ಲ, ಮಾರದೆ ಉಳಿಸಿಕೊಂಡರೆ ದಿನಕ್ಕೆ ಮುಕ್ಕಾಲು ಮೂಟೆ ಫೀಡ್ ಖಾಲಿ. ಗಿರಿರಾಜ ಅಥವಾ ಸ್ವರ್ಣಧಾರ ತಳಿಯಾದರೆ ಊರಿನಲ್ಲೇ ಒಂದೆರಡರಂತೆ ಜೀವಂತ ಮಾರಬಹುದು, ಎರಡು ವಾರ ತಡವಾದರೂ ನಷ್ಟವಿಲ್ಲ. ಮಾಂಸ ಮುಖ್ಯವಾದರೆ ಗಿರಿರಾಜ. ಮೊಟ್ಟೆಯೂ ಬೇಕೆಂದರೆ ವರ್ಷಕ್ಕೆ 180ರ ಆಸುಪಾಸು ಇಡುವ ಸ್ವರ್ಣಧಾರ. ಎರಡೂ ಕಾವಿಗೆ ಕೂರುವುದಿಲ್ಲ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಇಟ್ಟು ಮರಿ ಮಾಡಿಸಿದರೆ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಪ್ರತಿ ಸಲ ಹೊಸ ಮರಿ ಕೊಳ್ಳುವ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಕೋಳಿಗೆ ಎರಡು ಚದರ ಅಡಿಯಂತೆ 16×25 ಅಡಿಯ ಶೆಡ್ ಸಾಕು. ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರವಿರಲಿ. ಪಕ್ಕದ ಗೋಡೆ ಒಂದೂವರೆ ಅಡಿ, ಅದರ ಮೇಲೆ ಜಾಲರಿ. ಸೂರು ಮೂರು ಅಡಿ ಚಾಚಿದರೆ ಸಾಕು ಎನ್ನುವುದು ಬಯಲುಸೀಮೆಯ ಮಾತು. ನಿಮ್ಮಲ್ಲಿ ಮಳೆ ಓರೆಯಾಗಿ ಬಡಿಯುತ್ತದೆ, ನಾಲ್ಕು ಅಡಿ ಬಿಡಿ, ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿ. ಜಾಲರಿಯ ಕೆಳಗಿನ ಮೂರು ಅಡಿಗೆ ಅರ್ಧ ಇಂಚಿನ ಕಣ್ಣಿನದನ್ನೇ ಹಾಕಿ. ಒಂದು ಇಂಚಿನದರಲ್ಲಿ ಸಣ್ಣ ಇಲಿ, ಹಾವು ಸಲೀಸಾಗಿ ನುಗ್ಗುತ್ತವೆ. ತೋಟದಲ್ಲಿ ಕಾಡುಬೆಕ್ಕು, ಮುಂಗುಸಿಯೂ ಇರುವುದರಿಂದ ಬಾಗಿಲ ಸಂದಿನಲ್ಲಿ ಎರಡು ಬೆರಳು ತೂರುವಷ್ಟೂ ಜಾಗ ಇರಬಾರದು.

ಪ್ರಶ್ನೆ: 100 ಮರಿ ತಂದಿದ್ದೆವು. ಮೊದಲ ವಾರದಲ್ಲೇ ಇಪ್ಪತ್ತು ಸತ್ತವು. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಬಲ್ಬ್ ರಾತ್ರಿಯಿಡೀ ಉರಿಯುತ್ತಿತ್ತು. – ಸಕಲೇಶಪುರ

ಉತ್ತರ: ರೋಗಕ್ಕಿಂತ ಮೊದಲು ಚಳಿಯನ್ನೇ ಅನುಮಾನಿಸಬೇಕು. ಯಾವ ಬಲ್ಬ್ ಎಂದು ನೀವು ಬರೆದಿಲ್ಲ. ಎಲ್‌ಇಡಿ ಆಗಿದ್ದರೆ ಬೆಳಕಷ್ಟೇ ಸಿಕ್ಕಿರುತ್ತದೆ, ಕಾವು ಸಿಕ್ಕಿರುವುದಿಲ್ಲ. ತಂತಿ ಉರಿಯುವ ಹಳೇ ಬಲ್ಬೇ ಬೇಕು. ಮರಿಗೆ 2 ವ್ಯಾಟ್ ಲೆಕ್ಕದಲ್ಲಿ 100 ವ್ಯಾಟ್‌ನ ಎರಡು ಹಾಕಿ. ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ.

ಇನ್ನೊಂದು ತಪ್ಪು ಮೂಲೆ. ಮರಿಗಳಿಗೆ ಮೂಲೆ ಸಿಗಲೇಬಾರದು. ತಗಡು ಅಥವಾ ರಟ್ಟಿನಿಂದ ಒಂದೂವರೆ ಅಡಿ ಎತ್ತರದ, ಐದು ಅಡಿ ಅಗಲದ ಗುಂಡನೆ ಆವರಣ ಮಾಡಿ. ಒಳಗೆ ಎರಡು ಇಂಚು ಭತ್ತದ ಹೊಟ್ಟು, ಅದರ ಮೇಲೆ ಮೊದಲ ಮೂರು ದಿನ ಪತ್ರಿಕೆ. ಪತ್ರಿಕೆಯಿಲ್ಲದಿದ್ದರೆ ಮರಿಗಳು ಹೊಟ್ಟನ್ನೇ ನುಂಗುತ್ತವೆ. ಮರಿ ಬರುವ ನಾಲ್ಕು ಗಂಟೆ ಮೊದಲೇ ಬಲ್ಬ್ ಹಾಕಿ, ನೆಲ ಬೆಚ್ಚಗಾಗಲಿ. ಮರಿಯ ಬೆನ್ನಿನ ಎತ್ತರದಲ್ಲಿ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ಬನ್ನಿ. ಥರ್ಮಾಮೀಟರ್‌ಗಿಂತ ಮರಿಗಳ ನಡೆ ಇನ್ನೂ ನಿಖರ: ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಆವರಣದ ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ, ಒಂದೇ ಪಕ್ಕಕ್ಕೆ ಕೂಡಿದರೆ ಎದುರಿನಿಂದ ಗಾಳಿ ಹೊಡೆಯುತ್ತಿದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡದೆ ಮೊದಲ ವಾರ ಕಳೆಯಬೇಡಿ.

ಚಳಿಗೆ ಹೆದರಿ ಗೋಣಿ ಪರದೆಯನ್ನು ಸುತ್ತಲೂ ಬಿಗಿಯಾಗಿ ಕಟ್ಟುವವರೂ ಇದ್ದಾರೆ. ಆಗ ಹಿಕ್ಕೆಯಿಂದೇಳುವ ಅಮೋನಿಯಾ ಅನಿಲ ಒಳಗೇ ನಿಲ್ಲುತ್ತದೆ. ಪರದೆಯ ಬುಡವನ್ನು ಗೋಡೆಗೆ ಕಟ್ಟಿ, ಮೇಲಿನಿಂದ ಅರ್ಧ ಅಡಿ ಇಳಿಸುವ ಹಾಗಿರಲಿ. ಕೆಟ್ಟ ಗಾಳಿ ಮೇಲೆ ಹೋಗುತ್ತದೆ, ಮರಿಗೆ ಚಳಿ ತಾಗುವುದಿಲ್ಲ. ಕರೆಂಟ್ ಹೋದಾಗ ಇದ್ದಿಲ ಒಲೆ ಇಡುವುದಾದರೆ ಈ ಕಿಂಡಿ ಕಡ್ಡಾಯ, ಇಲ್ಲವಾದರೆ ಹೊಗೆಯಿಲ್ಲದ ವಿಷಗಾಳಿಗೇ ಎಲ್ಲ ಮರಿ ಸಾಯುತ್ತವೆ.

ಪ್ರಶ್ನೆ: ನಾಲ್ಕನೇ ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಾಣುತ್ತಿದೆ. ಭತ್ತದ ಹೊಟ್ಟು ಸಿಗದೆ ಕಾಫಿ ಸಿಪ್ಪೆ ಹಾಸಿದ್ದೇವೆ. ಅದೇ ಕಾರಣವೇ? – ಆಲೂರು

ಉತ್ತರ: ಇದು ಕಾಕ್ಸಿಡಿಯೋಸಿಸ್ ಇರಬೇಕು, ನಮ್ಮ ಕಡೆಯವರು ರಕ್ತಭೇದಿ ಎನ್ನುವುದು ಇದನ್ನೇ. ಸಿಪ್ಪೆ ನೇರ ಕಾರಣವಲ್ಲ, ಅದರ ತೇವ ಕಾರಣ. ಹಿಕ್ಕೆಯಲ್ಲಿ ಹೊರಬಂದ ರೋಗಾಣು ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ಬಲಿತು ಮತ್ತೊಂದು ಮರಿಯ ಹೊಟ್ಟೆ ಸೇರುತ್ತದೆ; ಒಣಗಿದ ಹಾಸಿನಲ್ಲಿ ಬಲಿಯುವುದಿಲ್ಲ. ಕಾಫಿ ಹಣ್ಣಿನ (ಚೆರ್ರಿ) ಸಿಪ್ಪೆಯಲ್ಲಿ ಸಿಹಿ ಅಂಶ ಉಳಿದಿರುವುದರಿಂದ ಅದು ಗಾಳಿಯ ತೇವವನ್ನೂ ಹೀರಿ ಬೂಷ್ಟು ಕಟ್ಟುತ್ತದೆ. ಅದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಭತ್ತದ ಹೊಟ್ಟು ಸಿಗದಿದ್ದರೆ ಮರದ ಹೆರೆ ತನ್ನಿ.

ಪಶುವೈದ್ಯರಿಗೆ ತೋರಿಸಿ ಆಂಪ್ರೋಲಿಯಂ ಶುರು ಮಾಡಿ. ಶೇ 20ರ ಪುಡಿಯಾದರೆ ಹತ್ತು ಲೀಟರ್ ನೀರಿಗೆ 12 ಗ್ರಾಂ, ಐದು ದಿನ, ಬೇರೆ ನೀರು ಇಡದೆ. ಸುಸ್ತಾಗಿವೆ ಎಂದು ಜೊತೆಗೆ ಬಿ-ಕಾಂಪ್ಲೆಕ್ಸ್ ಕೊಡುವವರೇ ಹೆಚ್ಚು. ಕೊಡಬಾರದು. ರೋಗಾಣುವಿಗೆ ಬಿ1 ಜೀವಸತ್ವ ಸಿಗದಂತೆ ಮಾಡುವುದೇ ಈ ಔಷಧದ ಕೆಲಸ. ನೀವು ಅದನ್ನೇ ತುಂಬಿಕೊಟ್ಟರೆ ಔಷಧ ವ್ಯರ್ಥ.

ಹಾಸನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ದಿನವೂ ಕೆದಕಿ, ನೀರಿನ ಡ್ರಿಂಕರ್ ಸುತ್ತಲಿನ ಒದ್ದೆ ಹೊಟ್ಟನ್ನು ತೆಗೆಯುತ್ತಿರಿ, ಡ್ರಿಂಕರ್ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಇರಲಿ. 100 ಚದರ ಅಡಿಗೆ ನಾಲ್ಕೈದು ಕಿಲೋ ಸುಣ್ಣದ ಪುಡಿ ಬೆರೆಸಬಹುದು, ಆದರೆ ಅಂದು ಅಮೋನಿಯಾ ವಾಸನೆ ಏರುತ್ತದೆ, ಪರದೆ ತೆರೆದಿಡಿ. ಸಾವು ನಿಲ್ಲದಿದ್ದರೆ ಆಗತಾನೇ ಸತ್ತ ಕೋಳಿಯನ್ನು ಐಸ್ ಜೊತೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಶವಪರೀಕ್ಷೆ ಮಾಡಿಸಿ. ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಬೇಡಿ.

ಪ್ರಶ್ನೆ: ನಮ್ಮದೇ ಮುಸುಕಿನ ಜೋಳ ಇದೆ. ಅದನ್ನೇ ಒಡೆಸಿ ಹಾಕಿದರೆ ಫೀಡ್ ಖರ್ಚು ಉಳಿಯುತ್ತದಲ್ಲವೇ? – ಬೇಲೂರು

ಉತ್ತರ: ಜೋಳ ಒಂದೇ ಸಾಲದು. ಅದರಲ್ಲಿ ಪ್ರೋಟೀನ್ ಶೇ 9ರಷ್ಟು, ಬೆಳೆಯುವ ಮರಿಗೆ ಬೇಕಾದದ್ದು ಅದರ ಎರಡು ಪಟ್ಟು. 100 ಕಿಲೋ ಮಿಶ್ರಣಕ್ಕೆ ಜೋಳ 58, ಸೋಯಾ ಹಿಂಡಿ 28, ಎಣ್ಣೆ ತೆಗೆದ ತೌಡು 10, ಕ್ಯಾಲ್ಸಿಯಂ–ರಂಜಕವಿರುವ ಖನಿಜ ಮಿಶ್ರಣ 3.5 ಕಿಲೋ, ಉಪ್ಪು 300 ಗ್ರಾಂ, ಮೆಥಿಯೋನಿನ್ ಮತ್ತು ವಿಟಮಿನ್ ಮಿಶ್ರಣ ತಲಾ 100 ಗ್ರಾಂ ಹಾಕಿದರೆ ಪ್ರೋಟೀನ್ ಶೇ 19 ಸಿಗುತ್ತದೆ. ಮೊದಲ ನಾಲ್ಕು ವಾರ ಮಾತ್ರ ಅಂಗಡಿಯ ಸ್ಟಾರ್ಟರ್ (ಎಳೆ ಮರಿಯ ಫೀಡ್) ಕೊಡಿ, ಅಲ್ಲಿ ಉಳಿತಾಯ ಬೇಡ.

ನಿಜವಾದ ಅಪಾಯ ಬೂಷ್ಟಿನದು. ಮಳೆ ಮುಗಿಯುವ ಮುನ್ನ ಕಿತ್ತ ತೆನೆಯನ್ನು ಹಸಿಯಾಗಿ ಮೂಟೆ ಕಟ್ಟಿದರೆ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಆಮೇಲೆ ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ತೇವ ಶೇ 12ಕ್ಕೆ ಇಳಿದ ಮೇಲೆ ಮೂಟೆ ಮಾಡಿ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ.

ಪ್ರಶ್ನೆ: 300 ಕೋಳಿ ಸಾಕಲು ಶೇ 50 ಸಹಾಯಧನ ಸಿಗುತ್ತದಂತೆ, ನಿಜವೇ? – ಕಡೂರು

ಉತ್ತರ: ರಾಷ್ಟ್ರೀಯ ಜಾನುವಾರು ಮಿಷನ್‌ನ ಆ ಸಹಾಯಧನ (ಗರಿಷ್ಠ 25 ಲಕ್ಷ ರೂ.) 1,000 ಪೋಷಕ ಕೋಳಿ, ಮರಿ ಮಾಡುವ ಹ್ಯಾಚರಿ ಮತ್ತು ಮರಿ ಸಾಕುವ ಘಟಕ ಮೂರೂ ಸೇರಿದ ಯೋಜನೆಗೆ. 300ಕ್ಕೆ ಅನ್ವಯಿಸದು.

ಪ್ರಶ್ನೆ: ಲಸೋಟಾ ಲಸಿಕೆ ಹಾಕಿಸಿದ್ದರೂ ನಮ್ಮ ಮೂರು ತಿಂಗಳ ಕೋಳಿಗಳಿಗೆ ಕೊಕ್ಕರೆ ರೋಗ (ರಾಣಿಖೇತ್) ಬಂತು. ಲಸಿಕೆಯೇ ನಕಲಿಯೇ? – ತರೀಕೆರೆ

ಉತ್ತರ: ನಕಲಿಗಿಂತ ಬಿಸಿಯಾಗಿ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಇದು ಜೀವಂತ ಲಸಿಕೆ. ಅಂಗಡಿಯಿಂದ ಮನೆಗೆ ಥರ್ಮಾಸ್‌ನಲ್ಲಿ ಐಸ್ ಜೊತೆಗೇ ಬರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. 5–7ನೇ ದಿನ ಕಣ್ಣಿಗೆ ಒಂದು ಹನಿ, 14ನೇ ದಿನ ಗಂಬೋರೋ ಎಂಬ ಬೇರೆ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ. ಎರಡನೇ ಸಲದ ಲಸೋಟಾವನ್ನು ನೀರಿನಲ್ಲಿ ಕೊಡುವಾಗ ನಲ್ಲಿಯ ಕ್ಲೋರಿನ್ ನೀರೋ, ಬ್ಲೀಚಿಂಗ್ ಪುಡಿ ಹಾಕಿದ ನೀರೋ ಆದರೆ ಲಸಿಕೆ ಅಲ್ಲೇ ಸತ್ತಿತು. ಬಾವಿ ನೀರು ಬಳಸಿ, ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ. ಎರಡು ತಿಂಗಳು ದಾಟಿಸಿ ಸಾಕುವ ಕೋಳಿಗೆ ಎಂಟನೇ ವಾರ ಇದೇ ರೋಗದ ಆರ್‌2ಬಿ ಚುಚ್ಚುಮದ್ದು ಕೊಡಿಸಬೇಕು, ಮೊದಲಿನ ಲಸಿಕೆಯ ಬಲ ಅಷ್ಟರಲ್ಲಿ ಕುಗ್ಗಿರುತ್ತದೆ. ನಿಮ್ಮ ಕೋಳಿಗಳು ಮೂರು ತಿಂಗಳಿನವು ಎಂದು ಬರೆದಿದ್ದೀರಿ, ಆರ್‌2ಬಿ ಮಾತು ಪತ್ರದಲ್ಲೆಲ್ಲೂ ಇಲ್ಲ.