ನೀಲಿ ಡ್ಯಾಶ್‌ಹುಂಡ್‌ನ ಬೆನ್ನೇಕೆ ಬೋಳಾಗುತ್ತಿದೆ?

ಪ್ರಶ್ನೆ: ನಮ್ಮ ಡ್ಯಾಶ್‌ಹುಂಡ್ ಹೆಣ್ಣು ನಾಯಿಗೆ ಹದಿನಾಲ್ಕು ತಿಂಗಳು. ಮೈಯೆಲ್ಲ ಬೂದುನೀಲಿ, ಹುಬ್ಬು, ಎದೆ, ಪಾದಗಳಲ್ಲಿ ಮಾತ್ರ ಕಂದು. ಅಪರೂಪದ ಬಣ್ಣವೆಂದು ಮಾರಿದವರು ದುಪ್ಪಟ್ಟು ಬೆಲೆ ತೆಗೆದುಕೊಂಡಿದ್ದರು. ಕೆಲವು ತಿಂಗಳಿಂದ ಬೆನ್ನಿನ ಕೂದಲು ಉದುರುತ್ತಿದೆ, ಆದರೆ ಕೆರೆತವಿಲ್ಲ. ಕೋಳಿಮಾಂಸ ನಿಲ್ಲಿಸಿದೆವು, ತೆಂಗಿನೆಣ್ಣೆ ಹಚ್ಚಿದೆವು, ಪ್ರಯೋಜನವಾಗಲಿಲ್ಲ. ಬಣ್ಣಕ್ಕೂ ಇದಕ್ಕೂ ಸಂಬಂಧವಿದೆಯೇ? ತಮ್ಮ ಡ್ಯಾಪಲ್ (ಮಚ್ಚೆ ಬಣ್ಣದ) ಗಂಡಿನ ಜೊತೆ ಕ್ರಾಸ್ ಮಾಡಿಸೋಣ ಎಂದು ಮಾರಿದವರೇ ಈಗ ಕೇಳುತ್ತಿದ್ದಾರೆ. ನಮ್ಮ ನಾಯಿಯ ತಾಯಿಯೂ ಡ್ಯಾಪಲ್. ಒಪ್ಪಬಹುದೇ?
– ಓದುಗರು, ಮೈಸೂರು

ಉತ್ತರ: ಕ್ರಾಸ್ ಮಾಡಿಸಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಕೂದಲಿನ ವಿಷಯ.

ನಾಯಿಯನ್ನು ಬೆಳಕಿನಲ್ಲಿ ನಿಲ್ಲಿಸಿ ಕಂದು ಭಾಗಗಳನ್ನು ನೋಡಿ. ಹುಬ್ಬಿನ ಚುಕ್ಕೆಗಳಲ್ಲಿ, ಪಾದಗಳಲ್ಲಿ ಕೂದಲು ದಟ್ಟವಾಗಿದ್ದು ನೀಲಿ ಭಾಗ ಮಾತ್ರ ತೆಳುವಾಗುತ್ತಿದ್ದರೆ, ಅದು ‘ಕಲರ್ ಡೈಲ್ಯೂಶನ್ ಅಲೋಪೀಶಿಯಾ’ ಎಂಬ ಆನುವಂಶಿಕ ತೊಂದರೆ ಇರಬಹುದು. ಅಲರ್ಜಿ ಹೀಗೆ ಬಣ್ಣ ನೋಡಿ ಬರುವುದಿಲ್ಲ. ಬಂದರೆ ಕೆರೆತವೂ ಇರುತ್ತಿತ್ತು. ಪಾಪ, ಕೋಳಿಮಾಂಸದ ತಪ್ಪೇನೂ ಇರಲಾರದು.

ನೀಲಿ ನಾಯಿ ಅಸಲಿಗೆ ಕಪ್ಪು ನಾಯಿಯೇ. ತಂದೆ, ತಾಯಿ ಇಬ್ಬರಿಂದಲೂ ಎಂಎಲ್‌ಪಿಎಚ್ ಎಂಬ ಜೀನಿನ ದೋಷವಿರುವ ಪ್ರತಿ ಬಂದಾಗ, ಕೂದಲಿನೊಳಗೆ ಮೆಲನಿನ್ ಎಂಬ ಬಣ್ಣದ ವಸ್ತು ಸಮವಾಗಿ ಹರಡದೆ ಗಂಟುಗಂಟಾಗಿ ಉಳಿಯುತ್ತದೆ. ಕಪ್ಪು ಬೂದುನೀಲಿಯಾಗಿ ಕಾಣುವುದು ಹೀಗೆ. ಚಾಕೊಲೇಟ್ ಬಣ್ಣದ ನಾಯಿಯಲ್ಲಿ ಇದೇ ಆದರೆ ‘ಇಸಬೆಲ್ಲಾ’ ಎನ್ನುತ್ತಾರೆ. ಕೆಲವು ನಾಯಿಗಳಲ್ಲಿ ಈ ಗಂಟುಗಳಿರುವ ಕಡೆ ಕೂದಲು ತುಂಡಾಗುತ್ತದೆ, ಬುಡವೂ ಹಾಳಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಎಲ್ಲ ನೀಲಿ ನಾಯಿಗಳಿಗೂ ಬರುವುದಿಲ್ಲ.

ಹಾಗೆಂದು ಬಣ್ಣದ ಮೇಲೆಯೇ ತೀರ್ಮಾನಕ್ಕೆ ಬರಬೇಡಿ. ಡೆಮೊಡೆಕ್ಸ್ ಹುಳು, ಹುಳುಕಡ್ಡಿ, ಥೈರಾಯ್ಡ್ ಕೊರತೆ ಇವುಗಳಿಂದಲೂ ಕೂದಲು ಉದುರುತ್ತದೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಪಶುವೈದ್ಯರು ಚರ್ಮ ಕೆರೆದು ಪರೀಕ್ಷಿಸಲಿ, ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಲಿ. ಬಣ್ಣದ ಗಂಟುಗಳು ಅಲ್ಲೇ ಕಾಣುತ್ತವೆ.

ಆನುವಂಶಿಕ ತೊಂದರೆಯೇ ಆಗಿದ್ದರೆ ಹೋದ ಕೂದಲನ್ನು ಖಚಿತವಾಗಿ ತರಿಸುವ ಔಷಧವಿಲ್ಲ. ಆಯಸ್ಸಿಗೂ ಅಪಾಯವಿಲ್ಲ. ನಾಯಿಗಳಿಗೆಂದೇ ಇರುವ ಸೌಮ್ಯ ಶಾಂಪೂ ಬಳಸಿ, ಗಟ್ಟಿ ಬ್ರಷ್ ಬೇಡ, ಬೋಳಾದ ಬೆನ್ನನ್ನು ಮಧ್ಯಾಹ್ನದ ಬಿಸಿಲಿಗೆ ಒಡ್ಡಬೇಡಿ. ಕೀವುಗುಳ್ಳೆ ಎದ್ದರೆ ಅಥವಾ ಕೆರೆತ ಶುರುವಾದರೆ ಸೋಂಕು ತಗುಲಿದೆ ಎಂದರ್ಥ, ಅದಕ್ಕೆ ಔಷಧ ಬೇಕು. ತೆಂಗಿನೆಣ್ಣೆಯನ್ನು ಅಡುಗೆಮನೆಗೆ ಬಿಡಿ.

ಇನ್ನು ಡ್ಯಾಪಲ್. ಈ ಮಚ್ಚೆ ಬಣ್ಣಕ್ಕೆ ಬೇರೆ ತಳಿಗಳಲ್ಲಿ ‘ಮೆರ್ಲ್’ ಎಂಬ ಹೆಸರಿದೆ. ಇದರ ಹಿಂದಿನ ಜೀನ್ ದೋಷವನ್ನು 2006ರಲ್ಲಿ ಗುರುತಿಸಲಾಯಿತು. ಅದರ ಒಂದು ಪ್ರತಿ ಇದ್ದರೆ ನಾಯಿ ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ಎರಡು ಡ್ಯಾಪಲ್‌ಗಳು ಕೂಡಿದರೆ ಪ್ರತಿ ಮರಿಗೂ ಎರಡು ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದೇ ‘ಡಬಲ್ ಡ್ಯಾಪಲ್’. ಇಂಥ ಮರಿಗಳಲ್ಲಿ ಬಣ್ಣದ ಕೋಶಗಳು ತೀರಾ ಕಡಿಮೆಯಿರಬಹುದು. ಒಳಗಿವಿಯ ಆರೋಗ್ಯಕ್ಕೂ ಬಣ್ಣದ ಕೋಶಗಳು ಬೇಕು. ಅವಿಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಮರಿ ಕಿವುಡಾಗಬಹುದು. ಕಣ್ಣು ಚಿಕ್ಕದಾಗಿ ಹುಟ್ಟುವುದು, ಕಣ್ಣೇ ಇಲ್ಲದಿರುವುದೂ ಉಂಟು. ನಿಮ್ಮ ನಾಯಿಯ ತಾಯಿ ಡ್ಯಾಪಲ್. ಕೆಲವೊಮ್ಮೆ ಕಿವಿಯ ತುದಿಯಲ್ಲಿ ಒಂದು ಮಚ್ಚೆಯನ್ನಷ್ಟೇ ತೋರಿಸಿ ಈ ಗುಣ ಅಡಗಿರುತ್ತದೆ, ಜೀನ್ ಪರೀಕ್ಷೆ ಮಾಡಿಸದೆ ಇಲ್ಲವೆನ್ನಲಾಗದು. ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೂ, ಆ ಗಂಡಿನಲ್ಲಿ ನೀಲಿಯ ಜೀನ್ ಇದ್ದರೆ ಇದೇ ಬೋಳು ಬೆನ್ನು ಮರಿಗಳಿಗೂ ಬರಬಹುದು. ಅಂದಹಾಗೆ, ಆ ಗಂಡು ನಿಮ್ಮ ನಾಯಿಗೆ ಏನಾಗಬೇಕು ಎಂದೂ ಕೇಳಿ ನೋಡಿ.

ಬೆನ್ನಿನ ಬಗ್ಗೆ ಇನ್ನೊಂದು ಮಾತು. ಬಣ್ಣ ಯಾವುದೇ ಇರಲಿ, ಸುಮಾರು ನಾಲ್ಕರಲ್ಲಿ ಒಂದು ಡ್ಯಾಶ್‌ಹುಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಬರುತ್ತದೆ. ತೂಕ ಏರದಂತೆ ನೋಡಿಕೊಳ್ಳಿ, ಸೋಫಾದಿಂದ ಜಿಗಿಯಲು ಬಿಡಬೇಡಿ. ಹಿಂಗಾಲು ತೂರಾಡಿದರೆ ಮಾರನೆಯ ದಿನಕ್ಕೆ ಕಾಯದೆ ಆಗಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.